ಗಿಟಾರಿಗೆ ಕೊರಳು ಕೊಟ್ಟ ಚಾರ್ಲಿ ಕ್ರಿಶ್ಚಿಯನ್

ನಮ್ಮ ಶಾಲೆಯಲ್ಲಿ ಕಲಿತು ಹೋದ ಹುಡುಗನೊಬ್ಬ ಈಗ ಗಾನಮೇಳದ ತಂಡವೊಂದರಲ್ಲಿ ಇಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾನೆ. ಕಳೆದ ಓಣಂ ರಜೆಯಲ್ಲಿ ಮನೆಗೆ ಬಂದವನು ಒಂದು ಸಂಶಯವನ್ನು ಮುಂದಿಟ್ಟನು. ಅವನ ಗಿಟಾರಿನಲ್ಲಿ ಎರಡು ಪಿಕಪ್‌ಗಳಿವೆ. ತಂತಿಯ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುವ ಸಾಧನಕ್ಕೆ ಪಿಕಪ್ ಎಂದು ಹೆಸರು. ಕೊರಳಿನ ಬುಡದಲ್ಲಿರುವ ಪಿಕಪ್ ಕೆಟ್ಟುಹೋಗಿದೆ, ಹೊಸತನ್ನು ತರಿಸಬೇಕು. ಅಂಗಡಿಯ ಪಟ್ಟಿಯಲ್ಲಿ ನಾಲ್ಕಾರು ಬಗೆಗಳಿವೆ, ಅವುಗಳಲ್ಲಿ ಒಂದಕ್ಕೆ ಮಾತ್ರ ಮನುಷ್ಯನ ಹೆಸರು. ಈ ಚಾರ್ಲಿ ಕ್ರಿಶ್ಚಿಯನ್ ಯಾರು, ಕಂಪೆನಿಯ ಯಜಮಾನನೇ ಎಂಬುದು ಅವನ ಪ್ರಶ್ನೆ.

ವಿಜ್ಞಾನದ ಪಾಠ ಮಾಡುವವನಾದ್ದರಿಂದ ಪಿಕಪ್ಪಿನ ಒಳಗಿನ ಕಾಂತ, ಸುರುಳಿಗಳ ವಿಚಾರ ನನಗೆ ತಿಳಿದಿತ್ತು. ಹೆಸರಿನ ವಿಚಾರ ತಿಳಿದಿರಲಿಲ್ಲ. ಗೊತ್ತಿಲ್ಲವೆಂದು ಹೇಳಿ ಕಳುಹಿಸಿದೆ, ಆಮೇಲೆ ಹುಡುಕಿ ಓದಿದೆ. ಆತ ಯಜಮಾನನಲ್ಲ, ತಯಾರಕನಲ್ಲ, ಆ ಪಿಕಪ್ಪಿನ ಒಂದು ಸುತ್ತು ತಂತಿಯನ್ನೂ ಸುತ್ತಿದವನಲ್ಲ. 25ನೆಯ ಪ್ರಾಯದಲ್ಲಿ ಕ್ಷಯರೋಗದಿಂದ ತೀರಿಹೋದ ಕಪ್ಪು ಜನಾಂಗದ ವಾದಕ. ಬೇರೆಯವರು ಮಾಡಿದ ವಸ್ತುವಿಗೆ ಅವನ ಹೆಸರು ಅಂಟಿಕೊಂಡ ಬಗೆ ಸ್ವಾರಸ್ಯವಾಗಿದೆ.

ಚಾರ್ಲ್ಸ್ ಹೆನ್ರಿ ಕ್ರಿಶ್ಚಿಯನ್ 1916ರ ಜುಲೈ 29ರಂದು ಅಮೆರಿಕದ ಟೆಕ್ಸಸ್ ರಾಜ್ಯದ ಬಾನ್‌ಹಮ್ ಎಂಬ ಸಣ್ಣ ಪೇಟೆಯಲ್ಲಿ ಹುಟ್ಟಿದನು. ತಂದೆ ಕ್ಲಾರೆನ್ಸ್ ಹೆನ್ರಿ, ತಾಯಿ ವಿಲ್ಲಿ ಮೇ. ಎಡ್ವರ್ಡ್, ಕ್ಲಾರೆನ್ಸ್ ಎಂಬ ಇಬ್ಬರು ಅಣ್ಣಂದಿರು. ಅವನು ಎಳೆಯ ಮಗುವಾಗಿದ್ದಾಗಲೇ ಕುಟುಂಬವು ಪಕ್ಕದ ಓಕ್ಲಹೋಮ ರಾಜ್ಯದ ಓಕ್ಲಹೋಮ ಸಿಟಿಗೆ ವಲಸೆ ಹೋಯಿತು. ತಂದೆಗೆ ಕಣ್ಣು ಕಾಣುತ್ತಿರಲಿಲ್ಲ. ದೃಷ್ಟಿ ಹೋದ ಮೇಲೆ ಆ ಮನುಷ್ಯನಿಗೆ ಉಳಿದ ಜೀವನೋಪಾಯ ಗಿಟಾರ್ ಮತ್ತು ಕಂಠ. ಮೂವರು ಗಂಡುಮಕ್ಕಳನ್ನು ಕರೆದುಕೊಂಡು, ಬಿಳಿಯರು ವಾಸಿಸುವ ಅನುಕೂಲಸ್ಥ ಬೀದಿಗಳಿಗೆ ಹೋಗಿ ಮನೆಗಳ ಮುಂದೆ ಹಾಡಿ ಸಂಪಾದಿಸಬೇಕಾಗಿತ್ತು. ಮಂಗಳೂರು–ಕಾಸರಗೋಡು ರೈಲಿನಲ್ಲಿ ಕುರುಡ ಗಾಯಕನ ಕೈ ಹಿಡಿದು ಒಂದು ಮಗು ಡಬ್ಬಿಯಿಂದ ಡಬ್ಬಿಗೆ ನಡೆಸುವುದನ್ನು ನಮ್ಮಲ್ಲಿ ನೋಡದವರಿಲ್ಲ. ಚಾರ್ಲಿಯ ಬಾಲ್ಯ ಅಂಥದೇ. ಮೊದಮೊದಲು ವಾದ್ಯ ಹಿಡಿಯಲಾರದಷ್ಟು ಚಿಕ್ಕವನಾಗಿದ್ದುದರಿಂದ ಕುಣಿಯುತ್ತಿದ್ದನು. ಅನಂತರ ನುಡಿಸತೊಡಗಿದನು. ಹುಡುಗನಾಗಿರುವಾಗಲೇ ತಂದೆ ತೀರಿಕೊಂಡಾಗ ಗಿಟಾರು ಅವನ ಪಾಲಿಗೆ ಬಂದಿತು.

ಅವನು ಓದಿದ್ದು ಕಪ್ಪು ಜನಾಂಗದ ಮಕ್ಕಳಿಗೆಂದೇ ಇದ್ದ ಡಗ್ಲಸ್ ಶಾಲೆಯಲ್ಲಿ. ಅಲ್ಲಿ ಜೀಲಿಯಾ ಬ್ರೋ ಎಂಬ ಸಂಗೀತದ ಅಧ್ಯಾಪಿಕೆ ಇದ್ದರು. ಕಟ್ಟುನಿಟ್ಟಿನವರು, ಶಾಲೆಯ ವಾದ್ಯವೃಂದವನ್ನು ಕಟ್ಟಿ ಬೆಳೆಸಿದವರು. ಇದೇ ಶಾಲೆಯಲ್ಲಿ ಚಾರ್ಲಿಗಿಂತ ಕೆಲವು ವರ್ಷ ಮುಂದೆ ಓದುತ್ತಿದ್ದ ಮತ್ತೊಬ್ಬ ಹುಡುಗ ರಾಲ್ಫ್ ಎಲಿಸನ್. ಮುಂದೆ 1952ರಲ್ಲಿ ಒಂದು ಕಾದಂಬರಿಯಿಂದ ಜಗತ್ಪ್ರಸಿದ್ಧನಾದ ಆ ಎಲಿಸನ್ ತನ್ನ ಬಾಲ್ಯದ ನೆನಪುಗಳಲ್ಲಿ ಚಾರ್ಲಿಯ ಬಗ್ಗೆ ಬರೆದಿದ್ದಾನೆ. ಕೈಕಸಬಿನ ತರಗತಿಯಲ್ಲಿ ಚಾರ್ಲಿ ಸಿಗಾರು ಪೆಟ್ಟಿಗೆಗಳಿಂದ ಗಿಟಾರು ಮಾಡಿ ನುಡಿಸುತ್ತ ಮಕ್ಕಳನ್ನೆಲ್ಲ ಬೆರಗುಗೊಳಿಸುತ್ತಿದ್ದನಂತೆ. ಶಾಲೆಯ ವಾದ್ಯವೃಂದದಲ್ಲಾದರೋ ಗಿಟಾರಿಗೆ ಜಾಗವಿರಲಿಲ್ಲ. ಅವನಿಗೆ ಸ್ಯಾಕ್ಸಫೋನ್ ಊದುವ ಆಸೆ, ಅಧ್ಯಾಪಿಕೆ ಕಹಳೆಯನ್ನು ಕೊಟ್ಟರು. ಹುಡುಗ ಕಹಳೆಯನ್ನು ಬಿಟ್ಟು ಬೇಸ್‌ಬಾಲ್ ಆಡಲು ಹೋದನು. ಅಧ್ಯಾಪಕನಾಗಿ ನನಗೆ ಈ ಸಂಗತಿ ಸ್ವಲ್ಪ ಚುಚ್ಚುತ್ತದೆ. ಕೇಳಿದ ವಾದ್ಯವನ್ನು ಕೊಟ್ಟಿದ್ದರೆ ಜಗತ್ತಿಗೆ ಒಬ್ಬ ಸ್ಯಾಕ್ಸಫೋನ್ ವಾದಕ ಸಿಗುತ್ತಿದ್ದನೋ ಏನೋ. ಕೊಡದಿದ್ದುದರಿಂದ ಸ್ಯಾಕ್ಸಫೋನಿನ ಆಸೆಯನ್ನು ಮನಸ್ಸಿನಲ್ಲಿಟ್ಟುಕೊಂಡ ಗಿಟಾರ್ ವಾದಕ ಸಿಕ್ಕಿದನು.

ಆಸೆ ಸುಮ್ಮನೆ ಹುಟ್ಟಿದ್ದಲ್ಲ. ಓಕ್ಲಹೋಮ ಸಿಟಿಯ ಎರಡನೆಯ ಬೀದಿ, ಜನರ ಬಾಯಲ್ಲಿ ಡೀಪ್ ಡ್ಯೂಸ್, ಕಪ್ಪು ಜನಾಂಗದವರ ಅಂಗಡಿ, ಹೋಟೆಲು, ನೃತ್ಯಶಾಲೆಗಳಿಂದ ತುಂಬಿದ ಜಾಗ. ಜಾಝ್ ತಂಡಗಳು ಅಲ್ಲಿ ಬಂದು ಇಳಿಯುತ್ತಿದ್ದವು. ಬ್ಲೂ ಡೆವಿಲ್ಸ್ ಎಂಬ ತಂಡದೊಂದಿಗೆ 1930ರ ಆಸುಪಾಸಿನಲ್ಲಿ ಅಲ್ಲಿ ತಂಗಿದ್ದವನು ಲೆಸ್ಟರ್ ಯಂಗ್. ಟೆನರ್ ಸ್ಯಾಕ್ಸಫೋನನ್ನು ಅಬ್ಬರವಿಲ್ಲದೆ, ಮಾತಾಡಿದಂತೆ ಹಗುರವಾಗಿ, ಉಸಿರು ನಿಲ್ಲುವವರೆಗೆ ಒಂದೇ ಎಳೆಯಾಗಿ ಊದುವುದು ಅವನ ಕ್ರಮ. ಆ ಎಳೆ ಚಾರ್ಲಿಯ ಕಿವಿಯಲ್ಲಿ ಕುಳಿತುಬಿಟ್ಟಿತು. ಅವನ ಮುಂದಿನ ವಾದನವನ್ನೆಲ್ಲ ಕೇಳಿದರೆ, ಗಿಟಾರ್ ವಾದಕರಿಗಿಂತ ಹೆಚ್ಚಾಗಿ ಆ ಸ್ಯಾಕ್ಸಫೋನ್ ವಾದಕನೇ ಅವನ ಗುರುವೆನ್ನಬೇಕು.

ಇಲ್ಲಿ ಒಂದು ತೊಡಕು ಇತ್ತು. ಅಂದಿನ ಜಾಝ್ ಮೇಳದಲ್ಲಿ ಹತ್ತು ಹನ್ನೆರಡು ಮಂದಿ ಕಹಳೆ, ಸ್ಯಾಕ್ಸಫೋನ್‌ಗಳನ್ನು ಊದುವಾಗ ಮರದ ಗಿಟಾರು ಕೇಳಿಸುತ್ತಲೇ ಇರಲಿಲ್ಲ. ಚೆಂಡೆಯ ಬಿಡಿತ ಏರಿದಾಗ ಶ್ರುತಿಪೆಟ್ಟಿಗೆಯ ಗತಿ ಏನೋ ಅದೇ ಅದರ ಗತಿ. ತಾಳಕ್ಕೆ ಸರಿಯಾಗಿ ತಂತಿಗಳನ್ನು ಒಟ್ಟಿಗೆ ಬಾರಿಸುತ್ತ ಕುಳಿತುಕೊಳ್ಳುವುದಷ್ಟೆ ಗಿಟಾರಿನವನ ಕೆಲಸ. ಒಂದೊಂದೇ ಸ್ವರವನ್ನು ಬಿಡಿಸಿ ರಾಗ ಕಟ್ಟುವ ಅವಕಾಶ ಊದುವವರಿಗೆ ಮಾತ್ರ ಮೀಸಲು. ಗಿಟಾರಿನ ದನಿಯನ್ನು ಹೇಗಾದರೂ ದೊಡ್ಡದು ಮಾಡಬೇಕೆಂದು ಹಲವರು ಹೆಣಗುತ್ತಿದ್ದ ಕಾಲ ಅದು. 1930ರ ದಶಕದ ಆರಂಭದಲ್ಲಿ ಜಾರ್ಜ್ ಬೋಶಾಂಪ್ ಎಂಬವನು ಕ್ಯಾಲಿಫೋರ್ನಿಯದಲ್ಲಿ ಕಾಂತ ಮತ್ತು ಸುರುಳಿಯ ಪಿಕಪ್ಪನ್ನು ಮಾಡಿದನು. ಅದು ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಗಿಟಾರಿಗಾಗಿ. ಎಲ್ಲರೂ ಎತ್ತಿಹಿಡಿದು ನುಡಿಸುವ ಗಿಟಾರಿನ ವಿಷಯದಲ್ಲಿ ಮೇಲೆ ಬಂದದ್ದು ಗಿಬ್ಸನ್ ಕಂಪೆನಿ. 1936ರಲ್ಲಿ ಅದು ಇ.ಎಸ್. 150 ಎಂಬ ಗಿಟಾರನ್ನು ಹೊರತಂದಿತು. ಆಂಪ್ಲಿಫಯರ್ ಸಮೇತ ಸುಮಾರು 150 ಡಾಲರು, ಆ ಬೆಲೆಯೇ ಹೆಸರಿಗೂ ಬಂತು.

ಇದರ ಪಿಕಪ್ಪನ್ನು ರೂಪಿಸಿದವನು ಕಂಪೆನಿಯ ವಾಲ್ಟರ್ ಫುಲ್ಲರ್. ಈ ಬರಹದ ಅರ್ಧ ನಾಯಕ ಆ ವಸ್ತುವೇ ಆದ್ದರಿಂದ ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೇಲಿನಿಂದ ಕಾಣುವುದು ಆರೂ ತಂತಿಗಳ ಕೆಳಗೆ ಅಡ್ಡಲಾಗಿ ಹಾದುಹೋಗುವ ಒಂದು ಉಕ್ಕಿನ ಪಟ್ಟಿ. ಅದರ ಸುತ್ತ ಷಟ್ಕೋನಾಕಾರದ ಪೆಟ್ಟಿಗೆಯೊಳಗೆ ತಾಮ್ರದ ಸುರುಳಿ. ಕಾಣದಿರುವುದು ಗಿಟಾರಿನ ಹೊಟ್ಟೆಯೊಳಗೆ ತೂಗುವ ಎರಡು ಉದ್ದನೆಯ ದಪ್ಪ ಕಾಂತಗಳು. ಇಷ್ಟು ಭಾರವನ್ನು ಮರದ ಮೇಲ್ಮೈಯಲ್ಲಿ ಕಾಣುವ ಮೂರು ತಿರುಪುಗಳು ಹೊತ್ತುಕೊಂಡಿರುತ್ತವೆ. ಕೆಲಸ ಮಾಡುವ ಕ್ರಮ ನಮ್ಮ ಹತ್ತನೆಯ ತರಗತಿಯ ಪಾಠವೇ. ಉಕ್ಕಿನ ತಂತಿ ಅಲುಗಿದರೆ ಕಾಂತಕ್ಷೇತ್ರ ಅಲುಗುತ್ತದೆ, ಕಾಂತಕ್ಷೇತ್ರ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟದ್ದಕ್ಕಿಂತ ಹೆಚ್ಚಿನದೇನೂ ಇದರಲ್ಲಿಲ್ಲ. ಮೈಕು ಗಾಳಿಯ ಕಂಪನವನ್ನು ಕೇಳಿಸಿಕೊಳ್ಳುತ್ತದೆ, ಪಿಕಪ್ಪಾದರೋ ಗಾಳಿಯ ಗೊಡವೆಯಿಲ್ಲದೆ ತಂತಿಯನ್ನೇ ನೇರವಾಗಿ ಆಲಿಸುತ್ತದೆ.

ಮುಖ್ಯವಾದ ವಿಚಾರ ಅದನ್ನು ಇರಿಸಿದ ಜಾಗ. ಪಿಕಪ್ ಒಂದೇ ಒಂದು, ಅದು ಕೊರಳಿನ ತುದಿಯಲ್ಲಿ, ಮೆಟ್ಟಿಲುಗಳು ಮುಗಿಯುವ ಕಡೆ. ವೀಣೆ ಬಲ್ಲವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಕುದುರೆಯ ಹತ್ತಿರ ಮೀಟಿದರೆ ಗಡಸಾದ, ಚೂಪಾದ ನಾದ; ಕುದುರೆಯಿಂದ ದೂರ ಸರಿದಷ್ಟೂ ನಾದ ತುಂಬಿಕೊಂಡು ಮೆತ್ತಗಾಗುತ್ತದೆ. ಮೀಟುವ ಜಾಗಕ್ಕೆ ಸಲ್ಲುವ ಮಾತು ಆಲಿಸುವ ಜಾಗಕ್ಕೂ ಸಲ್ಲುತ್ತದೆ. ತಂತಿಯ ಮೂಲಸ್ವರದ ಓಲಾಟ ಕುದುರೆಯ ಬಳಿ ಅತ್ಯಲ್ಪ, ಮಧ್ಯದ ಕಡೆಗೆ ಬಂದಂತೆ ವಿಶಾಲ. ಕೊರಳಿನ ಬಳಿಯ ಪಿಕಪ್ಪಿಗೆ ಆ ವಿಶಾಲ ಓಲಾಟ ಸಿಗುತ್ತದೆ, ಮೂಲಸ್ವರ ಮುಂದಾಗಿ ಕೀರಲು ಅಂಶಗಳು ಹಿಂದಾಗುತ್ತವೆ. ತಂತಿಯ ಉದ್ದದ ಕಾಲು ಭಾಗದಷ್ಟು ಕುದುರೆಯಿಂದ ದೂರದಲ್ಲಿ ಪಿಕಪ್ ಇದ್ದರೆ ಮೆಟ್ಟಿಲೊತ್ತದ ತಂತಿಯ ನಾಲ್ಕನೆಯ ಉಪಸ್ವರ ಅದಕ್ಕೆ ಕೇಳಿಸುವುದೇ ಇಲ್ಲ, ಏಕೆಂದರೆ ಆ ಉಪಸ್ವರದ ಮಟ್ಟಿಗೆ ತಂತಿ ಅಲ್ಲಿ ನಿಶ್ಚಲವಾಗಿರುತ್ತದೆ. ಹೀಗೆ ಬರುವ ನಾದದಲ್ಲಿ ತಂತಿ ಮೀಟಿದ ಟಿಕ್ ಎಂಬ ಸದ್ದಿಗಿಂತ ಅದರ ಹಿಂದೆ ಉಬ್ಬುವ ದುಂಡು ದನಿಯೇ ಪ್ರಧಾನ. ಕಣ್ಣು ಮುಚ್ಚಿ ಕೇಳಿದರೆ ಯಾರೋ ಊದುತ್ತಿದ್ದಾರೆಂಬ ಭ್ರಮೆಯಾಗುವುದುಂಟು.

ಕಂಪೆನಿಯವರಿಗೆ ಈ ಭ್ರಮೆಯ ಉದ್ದೇಶವಿರಲಿಲ್ಲ. ಗಿಟಾರು ಗಟ್ಟಿಯಾಗಿ ಕೇಳಿದರೆ ಸಾಕಿತ್ತು. ಗಿರಾಕಿಗಳಲ್ಲಿಯೂ ಹೆಚ್ಚಿನವರು ಅದನ್ನು ಹಳೆಯ ಕೆಲಸಕ್ಕೇ, ತಾಳ ಬಾರಿಸುವುದಕ್ಕೇ ಬಳಸಿದರು. 1937ರ ಸುಮಾರಿಗೆ ಓಕ್ಲಹೋಮ ಸಿಟಿಗೆ ಬಂದ ಎಡ್ಡಿ ಡರಂ ಎಂಬ ವಾದಕನು ಚಾರ್ಲಿಗೆ ವಿದ್ಯುತ್ ಗಿಟಾರಿನ ರುಚಿ ಹಿಡಿಸಿದನು. ವಿದ್ಯುತ್ ಗಿಟಾರನ್ನು ಮೊದಲು ಧ್ವನಿಮುದ್ರಿಸಿದ ಜಾಝ್ ವಾದಕರಲ್ಲಿ ಡರಂ ಒಬ್ಬ. 1938ರ ಮಾರ್ಚಿನಲ್ಲಿ ಅವನೂ, ಅವನಿಗಿಂತ ಕೆಲವೇ ದಿನ ಮೊದಲು ಶಿಕಾಗೋದಲ್ಲಿ ಜಾರ್ಜ್ ಬಾರ್ನ್ಸ್ ಎಂಬವನೂ ನುಡಿಸಿದ್ದು ದಾಖಲೆಯಲ್ಲಿದೆ. ಆದುದರಿಂದ ಚಾರ್ಲಿ ಕ್ರಿಶ್ಚಿಯನ್ನನೇ ಮೊದಲಿಗನೆಂದು ಕೆಲವರು ಬರೆಯುವುದು ಸರಿಯಲ್ಲ. ಮೊದಲಿಗನಾಗಿರದಿದ್ದರೂ, ಆ ನಾದದಲ್ಲಿ ಏನಿದೆಯೆಂದು ಪೂರ್ತಿ ಅರಿತವನು ಅವನೇ. ಲೆಸ್ಟರ್ ಯಂಗನ ಎಳೆ ಕಿವಿಯಲ್ಲಿ ಆಗಲೇ ಇತ್ತು. ಅದನ್ನು ಹೇಳಲು ಬೇಕಾದ ಕೊರಳು ಈಗ ಸಿಕ್ಕಿತು.

1938ರಲ್ಲಿ ಅವನು ಆಲ್ಫಾನ್ಸೊ ಟ್ರೆಂಟ್ ಎಂಬವನ ತಂಡದೊಂದಿಗೆ ಉತ್ತರದ ಚಳಿ ನಾಡಾದ ನಾರ್ತ್ ಡಕೋಟದ ಬಿಸ್ಮಾರ್ಕ್‌ಗೆ ಹೋಗಿದ್ದನು. ಮೇರಿ ಆಸ್ಬೋರ್ನ್ ಎಂಬ ಹದಿಹರೆಯದ ಹುಡುಗಿ, ಆಕೆಯೂ ಗಿಟಾರ್ ನುಡಿಸುವವಳು, ಕೇಳಲು ಬಂದಳು. ಒಳಗೆ ಕಾಲಿಡುವಾಗ ಕೇಳಿಸಿದ್ದು ಟೆನರ್ ಸ್ಯಾಕ್ಸಫೋನ್, ಅದಕ್ಕೆ ಏನೋ ವಿಚಿತ್ರ ರೀತಿಯ ಧ್ವನಿವರ್ಧಕ ಹಾಕಿದ್ದಾರೆಂದು ಆಕೆ ಭಾವಿಸಿದಳಂತೆ. ವೇದಿಕೆ ನೋಡಿದರೆ ಗಿಟಾರು! ಮರುದಿನವೇ ತಾನೂ ಒಂದು ವಿದ್ಯುತ್ ಗಿಟಾರು ಕೊಂಡಳು. ಮುಂದೆ ಆಕೆಯೂ ಹೆಸರಾಂತ ಜಾಝ್ ವಾದಕಿಯಾದಳು. ಕೊರಳಿನ ಪಿಕಪ್ಪಿನ ಗುಣವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಪ್ರಯೋಗವನ್ನು ನಾನು ತರಗತಿಯಲ್ಲಿ ಮಾಡಿ ತೋರಿಸಲಾರೆ.

ಇಷ್ಟಾದರೂ ಅವನು ಊರ ಹೋಟೆಲಿನಲ್ಲಿ ಒಂದು ರಾತ್ರಿಗೆ ಎರಡೂವರೆ ಡಾಲರಿಗೆ ನುಡಿಸುವವನೇ ಆಗಿದ್ದನು. ಪಿಯಾನೋ ವಾದಕಿ ಮೇರಿ ಲೂ ವಿಲಿಯಮ್ಸ್ ಅವನ ಬಗ್ಗೆ ಜಾನ್ ಹ್ಯಾಮಂಡ್ ಎಂಬವನಿಗೆ ತಿಳಿಸಿದಳು. ಹ್ಯಾಮಂಡ್ ನ್ಯೂಯಾರ್ಕಿನ ಶ್ರೀಮಂತ ಮನೆತನದವನು, ಧ್ವನಿಮುದ್ರಿಕೆಗಳ ನಿರ್ಮಾಪಕ, ಕಪ್ಪು ಜನಾಂಗದ ಕಲಾವಿದರನ್ನು ಹುಡುಕಿ ಮುಂದೆ ತರುವುದೇ ಅವನಿಗೊಂದು ವ್ರತ. 1939ರ ಬೇಸಗೆಯಲ್ಲಿ ಓಕ್ಲಹೋಮಕ್ಕೆ ಹೋಗಿ ಕೇಳಿದನು, ಕೇಳಿ ದಂಗಾದನು. ಅಂದು ಅಮೆರಿಕದಲ್ಲೆಲ್ಲ ಮನೆಮಾತಾಗಿದ್ದ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್‌ನ ಬಳಿಗೆ ಅವನನ್ನು ಕರೆಸಿಕೊಂಡನು.

ಗುಡ್‌ಮನ್ ಬಿಳಿಯ, ಆದರೂ ಟೆಡ್ಡಿ ವಿಲ್ಸನ್, ಲಯೊನೆಲ್ ಹ್ಯಾಂಪ್ಟನ್‌ರಂಥ ಕಪ್ಪು ಜನಾಂಗದ ವಾದಕರನ್ನು ತನ್ನ ಜೊತೆಗೆ ವೇದಿಕೆಯಲ್ಲಿ ಕೂರಿಸಿಕೊಂಡ ಧೈರ್ಯವಂತ. ಅಂದಿನ ಅಮೆರಿಕದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಗಿಟಾರಿಗೆ ವಿದ್ಯುತ್ತು ಎಂದರೆ ಅವನಿಗೆ ಆಸಕ್ತಿಯಿರಲಿಲ್ಲ. ಲಾಸ್ ಏಂಜಲೀಸಿಗೆ ಬಂದಿಳಿದ ಯುವಕನ ವೇಷವೂ ವಿಚಿತ್ರವಾಗಿತ್ತಂತೆ. ದೊಡ್ಡ ಟೋಪಿ, ಹಸಿರು ಸೂಟು, ನೇರಳೆ ಅಂಗಿ, ಮೊನಚು ತುದಿಯ ಹಳದಿ ಬೂಟು ಎಂದು ಹ್ಯಾಮಂಡ್ ಆಮೇಲೆ ಹೇಳಿಕೊಂಡಿದ್ದಾನೆ. ಹ್ಯಾಮಂಡ್ ಕಥೆಗೆ ಬಣ್ಣ ಹಚ್ಚುವವನೆಂಬ ಮಾತೂ ಇದೆ. ಬಣ್ಣಗಳ ಪಟ್ಟಿಯನ್ನು ಓದುಗರು ಸ್ವಲ್ಪ ರಿಯಾಯಿತಿಯಿಂದಲೇ ಸ್ವೀಕರಿಸಬೇಕು. ಗುಡ್‌ಮನ್ ಅವನನ್ನು ಸರಿಯಾಗಿ ಕೇಳುವ ಗೋಜಿಗೂ ಹೋಗಲಿಲ್ಲ.

1939ರ ಆಗಸ್ಟ್ 16ರ ರಾತ್ರಿ. ಬೆವರ್ಲಿ ಹಿಲ್ಸ್‌ನ ವಿಕ್ಟರ್ ಹ್ಯೂಗೊ ಎಂಬ ಭೋಜನಶಾಲೆಯಲ್ಲಿ ಗುಡ್‌ಮನ್ನನ ಕಾರ್ಯಕ್ರಮ. ವಿರಾಮದ ವೇಳೆ ಗುಡ್‌ಮನ್ ಊಟಕ್ಕೆ ಹೋಗಿದ್ದಾಗ ಹ್ಯಾಮಂಡನೂ ತಂಡದ ಬೇಸ್ ವಾದಕ ಆರ್ಟಿ ಬರ್ನ್‌ಸ್ಟೈನನೂ ಸೇರಿ ಚಾರ್ಲಿಯನ್ನು ಅವನ ಆಂಪ್ಲಿಫಯರ್ ಸಮೇತ ಅಡುಗೆಮನೆಯ ದಾರಿಯಿಂದ ವೇದಿಕೆಗೆ ತಂದು ಕೂರಿಸಿದರು. ಹಿಂತಿರುಗಿದ ಗುಡ್‌ಮನ್ ಕಂಡು ಸಿಡಿಮಿಡಿಗೊಂಡನು. ತುಂಬಿದ ಸಭೆಯಲ್ಲಿ ಏಳಿಸುವಂತಿಲ್ಲ. ಈತನಿಗೆ ಗೊತ್ತಿರಲಾರದೆಂದು ಊಹಿಸಿಯೋ ಏನೋ, ರೋಸ್ ರೂಮ್ ಎಂಬ ಹಳೆಯ ಹಾಡನ್ನು ಎತ್ತಿಕೊಂಡನು. ಓಕ್ಲಹೋಮದ ಡೀಪ್ ಡ್ಯೂಸ್ ಬೀದಿಯಲ್ಲಿ ಚಾರ್ಲಿ ಮೊಟ್ಟಮೊದಲು ಗಟ್ಟಿಮಾಡಿಕೊಂಡಿದ್ದ ಎರಡು ಮೂರು ಹಾಡುಗಳಲ್ಲಿ ಅದೂ ಒಂದಾಗಿತ್ತು! ಸರದಿ ಬಂದಾಗ ನುಡಿಸಿದನು. ಮುಗಿಸಬೇಕಾದಲ್ಲಿ ಗುಡ್‌ಮನ್ ಇನ್ನೊಂದು ಸುತ್ತಿಗೆ ಸನ್ನೆ ಮಾಡಿದನು, ಮತ್ತೊಂದಕ್ಕೆ ಮಾಡಿದನು. ಸುಮಾರು ಇಪ್ಪತ್ತು ಸುತ್ತುಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಮೂರು ನಿಮಿಷದ ಹಾಡು ಮುಕ್ಕಾಲು ಗಂಟೆಯಷ್ಟು ಹೊತ್ತು ನಡೆಯಿತು. ಆ ರಾತ್ರಿಯಿಂದ ಚಾರ್ಲಿ ಕ್ರಿಶ್ಚಿಯನ್ ಬೆನ್ನಿ ಗುಡ್‌ಮನ್ನನ ತಂಡದ ಸದಸ್ಯ, ವಾರಕ್ಕೆ 150 ಡಾಲರು ಸಂಬಳ. ಒಂದು ಗಿಟಾರು ಮತ್ತು ಆಂಪ್ಲಿಫಯರಿನ ಬೆಲೆ ಈಗ ಅವನಿಗೆ ಒಂದು ವಾರದ ದುಡಿಮೆ.

ಅದೇ ವರ್ಷದ ಅಕ್ಟೋಬರ್ 2ರಂದು ಗುಡ್‌ಮನ್ ಸೆಕ್ಸ್‌ಟೆಟ್ ಹೆಸರಿನಲ್ಲಿ ಮೊದಲ ಮುದ್ರಣಗಳಾದವು. ರೋಸ್ ರೂಮ್ ಅವುಗಳಲ್ಲಿ ಒಂದು, ಫ್ಲೈಯಿಂಗ್ ಹೋಮ್ ಇನ್ನೊಂದು. ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಕಛೇರಿ. ಅದೇ ತಿಂಗಳಲ್ಲಿ ಡೌನ್ ಬೀಟ್ ಎಂಬ ಸಂಗೀತ ಪತ್ರಿಕೆಯಲ್ಲಿ ಅವನ ಹೆಸರಿನಲ್ಲಿ ಒಂದು ಲೇಖನ. ಗಿಟಾರಿನವರು ಇನ್ನು ಮೂಲೆಯಲ್ಲಿ ಕುಳಿತಿರಬೇಕಾಗಿಲ್ಲ, ವಿದ್ಯುತ್ತಿಗೆ ಜೋಡಿಸಿಕೊಂಡು ಎದ್ದು ನುಡಿಸಿರಿ ಎಂಬುದು ಅದರ ತಾತ್ಪರ್ಯ. 1941ರ ಮಾರ್ಚ್ 4ರಂದು ಇಡೀ ವಾದ್ಯವೃಂದ ಹಿಂದೆ ನಿಂತು ಗಿಟಾರೊಂದೇ ಮುಂದೆ ನಿಂತ ಸೋಲೋ ಫ್ಲೈಟ್ ಮುದ್ರಣವಾಯಿತು. ನಾಲ್ಕು ವರ್ಷಗಳ ಹಿಂದೆ ಯಾರಿಗೂ ಕೇಳಿಸದಿದ್ದ ವಾದ್ಯ! ಅದೇ ತಿಂಗಳ 13ರಂದು ಸ್ಟುಡಿಯೋದಲ್ಲಿ ಗುಡ್‌ಮನ್ ಬರುವುದು ತಡವಾದಾಗ ವಾದಕರು ಹೊತ್ತು ಕಳೆಯಲು ನುಡಿಸುತ್ತಿದ್ದುದನ್ನು ಯಂತ್ರ ಪರೀಕ್ಷಿಸುತ್ತಿದ್ದ ತಂತ್ರಜ್ಞರು ಮುದ್ರಿಸಿಕೊಂಡರು. ಮುಂದೆ ಅದೂ ಪ್ರಕಟವಾಯಿತು. ನನಗೆ ಅದು ಉಳಿದೆಲ್ಲಕ್ಕಿಂತ ಇಷ್ಟ. ಯಜಮಾನನಿಲ್ಲದ ವೇಳೆಯಲ್ಲಿ ಜನರು ಹೇಗಿರುತ್ತಾರೆಂದು ಕೇಳುವ ಖುಷಿ ಅದರಲ್ಲಿದೆ.

ಗುಡ್‌ಮನ್ನನ ಕೆಲಸ ಮುಗಿದ ಮೇಲೂ ಚಾರ್ಲಿ ಮಲಗಲು ಹೋಗುತ್ತಿರಲಿಲ್ಲ. ನ್ಯೂಯಾರ್ಕಿನ ಕಪ್ಪು ಜನಾಂಗದ ಬಡಾವಣೆಯಾದ ಹಾರ್ಲೆಮಿನ 118ನೆಯ ಬೀದಿಯಲ್ಲಿ ಮಿಂಟನ್ಸ್ ಪ್ಲೇಹೌಸ್ ಎಂಬ ಸಣ್ಣ ಜಾಗವಿತ್ತು. ಥೆಲೋನಿಯಸ್ ಮಾಂಕ್, ಡೋಲಿನ ಕೆನ್ನಿ ಕ್ಲಾರ್ಕ್ ಮೊದಲಾದ ತರುಣರು ನಡುರಾತ್ರಿಯ ಮೇಲೆ ಅಲ್ಲಿ ಕೂಡಿ ನುಡಿಸುತ್ತಿದ್ದರು. ಜಾಝ್ ಸಂಗೀತದ ಮುಂದಿನ ಹೆಜ್ಜೆಯಾದ ಬೀಬಾಪ್ ಅಲ್ಲಿ ಕಣ್ಣು ಬಿಡುತ್ತಿತ್ತು. ವ್ಯವಸ್ಥಾಪಕನಾದ ಟೆಡ್ಡಿ ಹಿಲ್ ಚಾರ್ಲಿಗೆಂದೇ ಒಂದು ಆಂಪ್ಲಿಫಯರ್ ಕೊಂಡು ಅಲ್ಲಿರಿಸಿದ್ದನು. ಜೆರ್ರಿ ನ್ಯೂಮನ್ ಎಂಬ ವಿದ್ಯಾರ್ಥಿ ತನ್ನ ಹೊತ್ತೊಯ್ಯುವ ಮುದ್ರಣಯಂತ್ರದಲ್ಲಿ 1941ರ ಮೇ ತಿಂಗಳ ಕೆಲವು ರಾತ್ರಿಗಳನ್ನು ಹಿಡಿದಿಟ್ಟನು. ಮೂರು ನಿಮಿಷದ ಗಡಿಯಿಲ್ಲದೆ ಚಾರ್ಲಿ ನುಡಿಸಿದ್ದು ನಮಗೆ ದೊರಕಿರುವುದು ಮುಖ್ಯವಾಗಿ ಇದರಿಂದ. ಅವುಗಳಲ್ಲಿ ಬಹು ಪ್ರಸಿದ್ಧವಾದದ್ದಕ್ಕೆ ಮುದ್ರಿಕೆ ಹೊರತಂದವರು ಆಮೇಲೆ ಬೇರೆ ಹೆಸರಿಟ್ಟರು. ಮೂಲದಲ್ಲಿ ಅದು ಟಾಪ್ಸಿ ಎಂಬ ರಚನೆ, ಅದನ್ನು ರಚಿಸಿದವರಲ್ಲಿ ಒಬ್ಬನು ಓಕ್ಲಹೋಮದಲ್ಲಿ ಅವನಿಗೆ ವಿದ್ಯುತ್ ಗಿಟಾರನ್ನು ತೋರಿಸಿದ ಅದೇ ಎಡ್ಡಿ ಡರಂ. ಹೆಚ್ಚಾಗಿ ಮೇಲಿನಿಂದ ಕೆಳಕ್ಕೇ ಮೀಟುವುದು ಚಾರ್ಲಿಯ ರೂಢಿ. ಒಂದೊಂದು ಸ್ವರಕ್ಕೂ ಒಂದೇ ತೂಕ. ಊದುವವನು ಉಸಿರೆಳೆದುಕೊಳ್ಳುವ ಜಾಗದಲ್ಲಿ ಅವನೂ ನಿಲ್ಲುತ್ತಾನೆ.

ಉಸಿರೇ ಅವನಿಗೆ ಮೋಸ ಮಾಡಿತು. ಕ್ಷಯ ಎಂದರೆ ನಮ್ಮ ಹಿರಿಯರ ಕಾಲದಲ್ಲಿ ಗಟ್ಟಿಯಾಗಿ ಹೆಸರು ಹೇಳಲೂ ಅಂಜುತ್ತಿದ್ದ ರೋಗ. 1940ರಲ್ಲಿಯೇ ಚಾರ್ಲಿ ಒಮ್ಮೆ ಆಸ್ಪತ್ರೆ ಸೇರಿದ್ದನು. ಶುಶ್ರೂಷೆ ಎಂದರೆ ವಿಶ್ರಾಂತಿ, ಗಾಳಿ, ಆಹಾರ ಮಾತ್ರ, ಔಷಧವಿರಲಿಲ್ಲ. ಹಗಲು ಪ್ರಯಾಣ, ಸಂಜೆ ಗುಡ್‌ಮನ್, ಬೆಳಗಿನ ಜಾವದವರೆಗೆ ಮಿಂಟನ್ಸ್, ಹೀಗೆ ನಡೆಯುವವನಿಗೆ ವಿಶ್ರಾಂತಿ ಎಲ್ಲಿಂದ? 1941ರ ಬೇಸಗೆಯಲ್ಲಿ ಪ್ರವಾಸದ ನಡುವೆ ಕುಸಿದನು. ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿದ್ದ ಸೀ ವ್ಯೂ ಎಂಬ ಕ್ಷಯ ಚಿಕಿತ್ಸಾಲಯಕ್ಕೆ ಸೇರಿಸಿದರು. ರೋಗದ ಭಯದಿಂದ ಬಿಳಿಯ ದಾದಿಯರು ಬಿಟ್ಟುಹೋದಾಗ ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಜನಾಂಗದ ದಾದಿಯರು ನಡೆಸಿಕೊಂಡು ಬಂದ ಆಸ್ಪತ್ರೆ ಅದು. ಅಲ್ಲಿಂದ ಅವನು ಹೊರಬರಲಿಲ್ಲ. 1942ರ ಮಾರ್ಚ್ 2ರಂದು ಅಲ್ಲಿಯೇ ತೀರಿಕೊಂಡನು. ಮರುವರ್ಷ, 1943ರಲ್ಲಿ, ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೋಮೈಸಿನ್ ಪಕ್ಕದ ನ್ಯೂಜೆರ್ಸಿ ರಾಜ್ಯದ ಪ್ರಯೋಗಶಾಲೆಯೊಂದರಲ್ಲಿ ದೊರೆಯಿತು. ಹತ್ತು ವರ್ಷಗಳ ಬಳಿಕ, 1952ರಲ್ಲಿ, ಐಸೋನಿಯಾಜಿಡ್ ಎಂಬ ಗುಳಿಗೆ ಕ್ಷಯರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸುತ್ತದೆಂದು ಜಗತ್ತಿಗೆ ತೋರಿಸಿಕೊಟ್ಟ ಪ್ರಯೋಗಗಳು ನಡೆದದ್ದು ಇದೇ ಸೀ ವ್ಯೂ ಆಸ್ಪತ್ರೆಯಲ್ಲಿ. ಇಂದಿಗೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕ್ಷಯರೋಗಿಗಳಿಗೆ ಕೊಡುವ ಮದ್ದುಗಳಲ್ಲಿ ಅದೂ ಒಂದು.

ಶವವನ್ನು ಹುಟ್ಟೂರಾದ ಬಾನ್‌ಹಮ್‌ಗೆ ಒಯ್ದು ಗೇಟ್ಸ್ ಹಿಲ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಗುರುತಿನ ಕಲ್ಲಿರಲಿಲ್ಲ. ಕಲ್ಲು ನೆಟ್ಟದ್ದು 1994ರಲ್ಲಿ, 52 ವರ್ಷಗಳು ಕಳೆದ ಮೇಲೆ.

ಪಿಕಪ್ಪಿನ ಕಥೆಯಾದರೂ ಅಷ್ಟರಲ್ಲಿ ಮುಂದೆ ಹೋಗಿತ್ತು. ಯುದ್ಧಾನಂತರ 1946ರಲ್ಲಿ ಗಿಬ್ಸನ್ ಕಂಪೆನಿ ಪಿ. 90 ಎಂಬ ಸಣ್ಣ ಪಿಕಪ್ಪನ್ನು ತಂದಿತು. ಹೊಟ್ಟೆಯೊಳಗಿನ ಭಾರೀ ಕಾಂತಗಳ ಕಾಲ ಮುಗಿಯಿತು. 1955ರಲ್ಲಿ ಸೆತ್ ಲವರ್ ಎಂಬ ಎಂಜಿನಿಯರ್ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ, ವಿದ್ಯುತ್ ಮಾರ್ಗದ ಗುಂಯ್‌ಗುಡುವಿಕೆಯನ್ನು ಒಂದರಿಂದೊಂದು ಕಳೆದುಹೋಗುವಂತೆ ಮಾಡಿದ ಹಂಬಕರನ್ನು ರೂಪಿಸಿದನು. ಫೆಂಡರ್ ಕಂಪೆನಿಯ ಟೆಲಿಕಾಸ್ಟರ್ ಗಿಟಾರಿನಲ್ಲಿ ಕೊರಳಿನ ಬಳಿ ಲೋಹದ ಮುಚ್ಚಳ ಹಾಕಿದ ಸಣ್ಣ ಪಿಕಪ್. ಇಷ್ಟೆಲ್ಲ ಬಂದ ಮೇಲೂ ಕೆಲವರ ಕಿವಿಗೆ 1936ರ ಆ ಉಕ್ಕಿನ ಪಟ್ಟಿಯ ದನಿಯೇ ಬೇಕೆನಿಸಿತು. ವಾಷಿಂಗ್ಟನ್ ಕಡೆಯ ಡ್ಯಾನಿ ಗಾಟನ್ ತನ್ನ 1953ರ ಟೆಲಿಕಾಸ್ಟರಿನ ಮರವನ್ನು ಕೆತ್ತಿ ಕೊರಳಿನ ಬಳಿ ಅದನ್ನು ಕೂರಿಸಿಕೊಂಡವನೆಂದು ಖ್ಯಾತ. ಕೇಳುವವರು ಹೆಚ್ಚಾದಂತೆ ತಯಾರಕರು ಚಿಕ್ಕ ಕಾಂತಗಳನ್ನು ಬಳಸಿ ಅದೇ ಮಾದರಿಯನ್ನು ಮತ್ತೆ ಮಾಡತೊಡಗಿದರು. ಫುಲ್ಲರನ ಹೆಸರು ಕೆಲವು ತಜ್ಞರಿಗೆ ಮಾತ್ರ ಗೊತ್ತು. ಪಿಕಪ್ಪನ್ನು ಎಲ್ಲರೂ ಕರೆಯುವುದು ಚಾರ್ಲಿ ಕ್ರಿಶ್ಚಿಯನ್ ಎಂದೇ.

ನಮ್ಮ ಹುಡುಗ ಮತ್ತೆ ಬಂದಾಗ ಇಷ್ಟನ್ನೂ ಹೇಳಿದೆ. ಖರೀದಿಯ ವಿಷಯದಲ್ಲಿ ನನಗೆ ತಿಳಿದ ಮಟ್ಟಿಗೆ ಎರಡು ಮೂರು ಮಾತು ಹೇಳಿದೆ. ಕೊರಳಿನ ಬಳಿ ತಂತಿಯ ಓಲಾಟ ದೊಡ್ಡದಾದ್ದರಿಂದ ಅಲ್ಲಿನ ಪಿಕಪ್ ತಾನಾಗಿಯೇ ಗಟ್ಟಿ. ಅದರ ಶಕ್ತಿ ಕುದುರೆಯ ಬಳಿಯದಕ್ಕಿಂತ ಸ್ವಲ್ಪ ಕಡಿಮೆಯಿದ್ದರೆ ಎರಡೂ ಸಮವಾಗುತ್ತವೆ. ಕಾಂತ ತಂತಿಗೆ ತೀರ ಹತ್ತಿರ ಬರಬಾರದು, ಬಂದರೆ ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತದೆ. ಚಾರ್ಲಿ ಕ್ರಿಶ್ಚಿಯನ್ ಮಾದರಿಯ ಪಟ್ಟಿಯಲ್ಲಿ ಎರಡನೆಯ ತಂತಿಯ ಕೆಳಗೆ ಒಂದು ಕಚ್ಚು ಇದೆಯೇ ನೋಡಬೇಕು. ಮೇಲೆ ಸುತ್ತಿಲ್ಲದ ಆ ಬರಿಯ ತಂತಿ ಉಳಿದವನ್ನು ಮೀರಿ ಕೂಗುವುದನ್ನು ತಡೆಯಲು ಗಿಬ್ಸನ್‌ನವರೇ ಆಮೇಲೆ ಮಾಡಿದ ತಿದ್ದುಪಡಿ ಅದು. ಇನ್ನು, ಸುರುಳಿ ಒಂದೇ ಆದ್ದರಿಂದ ಗುಂಯ್‌ಗುಡುವುದು ಖಂಡಿತ. ಉತ್ಸವದ ವೇದಿಕೆಯಲ್ಲಿ ಬಣ್ಣದ ದೀಪಗಳ ನಡುವೆ ನುಡಿಸುವವನಿಗೆ ಎರಡು ಸುರುಳಿಯ ಹಂಬಕರೇ ಕ್ಷೇಮ.

ಅವನು ಎಲ್ಲವನ್ನೂ ಕೇಳಿಕೊಂಡನು. ಆಮೇಲೆ ಮೊಬೈಲನ್ನು ಜಗಲಿಯ ಕಟ್ಟೆಯ ಮೇಲಿಟ್ಟು ಸೋಲೋ ಫ್ಲೈಟ್ ಹಾಕಿದನು. ಸುಮಾರು ಮೂರು ನಿಮಿಷ. ಮುಗಿದ ಮೇಲೆ ಏನೂ ಹೇಳದೆ ಮತ್ತೊಮ್ಮೆ ಹಾಕಿದನು. ಹೋಗುವಾಗ ಹಂಬಕರಿನ ಬೆಲೆಯ ಬಗ್ಗೆ ಮಾತಾಡಲಿಲ್ಲ. ತನ್ನ ಗಿಟಾರಿನ ಮರವನ್ನು ಎಷ್ಟು ಆಳ ಕೆತ್ತಬಹುದೆಂದು ಆಚಾರಿಯನ್ನು ಕೇಳಬೇಕು ಎಂದಷ್ಟೇ ಹೇಳಿ ಬಸ್ಸಿಗೆ ಓಡಿದನು.